ಇತರೆ ಎಂಬ ಕೊನೆಯ ಸಾಲು

ನನ್ನ ಕೆಲಸ ಏನೆಂದು ಅಮ್ಮನಿಗೆ ತಿಳಿಸಿ ಹೇಳಲು ಹನ್ನೊಂದು ವರ್ಷದಿಂದ ಹೆಣಗುತ್ತಿದ್ದೇನೆ. ಒಂದು ದಿನ ಸೋತು, “ಮೊಬೈಲಿನಲ್ಲಿ ಕರೆಂಟ್ ಬಿಲ್ ಕಟ್ಟುವಾಗ ಕೊನೆಗೆ ಒಂದು ಗುಂಡಿ ಒತ್ತುತ್ತೀಯಲ್ಲಮ್ಮ, ಅಂಥ ಗುಂಡಿ ಮಾಡುವುದೇ ನನ್ನ ಕೆಲಸ” ಎಂದೆ. ಅಂದಿನಿಂದ ಶಿವಮೊಗ್ಗದ ನಮ್ಮ ಬೀದಿಯಲ್ಲಿ ನಾನು ಕೇರಳದಲ್ಲಿ ಗುಂಡಿ ಮಾಡುವ ಹುಡುಗ. ಅಂಗಿಯ ಗುಂಡಿಯೋ, ರಸ್ತೆಯ ಗುಂಡಿಯೋ ಎಂದು ಕೇಳಿದವರೂ ಇದ್ದಾರೆ.

ಗುಂಡಿಯ ಜೊತೆಗೆ ಇನ್ನೊಂದನ್ನೂ ಮಾಡುತ್ತೇನೆ. ಆಫೀಸಿನಲ್ಲಿ ಅದಕ್ಕೆ ಡ್ರಾಪ್‌ಡೌನ್ ಎನ್ನುತ್ತೇವೆ. ಒಂದು ಪೆಟ್ಟಿಗೆ, ಅದರ ಬಲಕ್ಕೆ ಕೆಳಮುಖದ ಸಣ್ಣ ಬಾಣ, ಮುಟ್ಟಿದರೆ ಒಂದು ಪಟ್ಟಿ ಇಳಿಯುತ್ತದೆ. ರಾಜ್ಯ ಆರಿಸಿ, ಜಿಲ್ಲೆ ಆರಿಸಿ, ಹುಟ್ಟಿದ ವರ್ಷ ಆರಿಸಿ, ಭಾಷೆ ಆರಿಸಿ. ನೀವು ಮುಂಬೈಯಲ್ಲಿರಿ, ಚೆನ್ನೈಯಲ್ಲಿರಿ, ಗ್ಯಾಸ್ ಸಂಪರ್ಕದಿಂದ ಹಿಡಿದು ಮಕ್ಕಳ ಶಾಲೆಯ ಅರ್ಜಿಯವರೆಗೆ ಇಂಥ ಪಟ್ಟಿಗಳು ನಿಮಗೆ ಸಿಕ್ಕೇ ಇರುತ್ತವೆ. ಇದು ಹೊಸದೇನಲ್ಲ, 1995ರ ಎಚ್‌ಟಿಎಂಎಲ್ 2.0ರಲ್ಲೇ ಇತ್ತು. ಮಾಡುವುದೂ ಸುಲಭ. ನಾನು ಎರಡು ನಿಮಿಷದಲ್ಲಿ ಮಾಡಿ ಮುಗಿಸಿದ ಒಂದು ಪಟ್ಟಿಯ ಕತೆ ಇದು.

ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿ ಎರಡು ವರ್ಷ ಇದ್ದು, ಆಮೇಲೆ ಕೊಚ್ಚಿಯ ಕಾಕ್ಕನಾಡಿನ ಇನ್ಫೋಪಾರ್ಕ್‌ಗೆ ಬಂದವನು ನಾನು. ಜೊತೆಯವರೆಲ್ಲ ಕಾಕ್ಕನಾಡಿನ ಫ್ಲಾಟುಗಳಲ್ಲೇ ಇದ್ದರು. ನಾನು ಮಾತ್ರ ಮಟ್ಟಾಂಚೇರಿಯಲ್ಲಿ ಮನೆ ಮಾಡಿದೆ. ಬಸ್ಸಿನಲ್ಲಿ ತೋಪ್ಪುಂಪಡಿ, ಎರ್ನಾಕುಳಂ ದಾಟಿ ಆಫೀಸು ಮುಟ್ಟಲು ಒಂದೂವರೆ ಗಂಟೆ. ಯಾಕೆ ಇಷ್ಟು ದೂರ ಎಂದು ಕೇಳಿದವರಿಗೆ ಬಾಡಿಗೆ ಕಡಿಮೆ ಎನ್ನುತ್ತಿದ್ದೆ. ನಿಜವಾದ ಕಾರಣ ಕೆಳಗಿನ ಮನೆಯಿಂದ ಬರುತ್ತಿದ್ದ ಒಗ್ಗರಣೆಯ ವಾಸನೆ ಮತ್ತು ಅದರ ಜೊತೆಗೇ ಕೇಳುತ್ತಿದ್ದ ಕನ್ನಡ.

ಮನೆಯ ಯಜಮಾನರು ಕುಂದಾಪುರದ ಕಡೆಯವರು. ಹದಿನಾರನೆಯ ವಯಸ್ಸಿಗೆ ಇಲ್ಲಿನ ಉಡುಪಿ ಹೋಟೆಲೊಂದಕ್ಕೆ ಲೋಟ ತೊಳೆಯಲು ಬಂದು, ಸಪ್ಲೈಗೆ ನಿಂತು, ಗಲ್ಲಾದಲ್ಲಿ ಕೂತು, ಕೊನೆಗೆ ಸ್ವಂತ ಸಣ್ಣ ಹೋಟೆಲ್ ಇಟ್ಟು, ಈಗ ಅದನ್ನೂ ಮುಚ್ಚಿ ಕೂತವರು. ಅವರ ಹೆಂಡತಿ ಮದುವೆಯಾಗಿ ಇಲ್ಲಿಗೆ ಬಂದು ಐವತ್ತು ವರ್ಷ ದಾಟಿತು. ಮುಂಬೈಯಿಂದ ರಜೆಗೆ ಬರುವ ಮೊಮ್ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ನಾನೂ ಅವರನ್ನು ಅಜ್ಜಯ್ಯ, ಅಮ್ಮಮ್ಮ ಎಂದೇ ಕರೆಯತೊಡಗಿದೆ. ಅವರಿಗೆ ನಾನು ‘ಮಾಣಿ’. ನಮ್ಮ ಶಿವಮೊಗ್ಗದ ಹೋಟೆಲಿನಲ್ಲಿ ಮಾಣಿ ಎಂದರೆ ತಿಂಡಿ ತಂದುಕೊಡುವವನು. ಕುಂದಾಪುರದ ಬಾಯಲ್ಲಿ ಅದು ಮನೆಯ ಹುಡುಗ. ಮೊದಲ ವಾರ ಇದು ತಿಳಿಯದೆ ಸ್ವಲ್ಪ ಬೇಸರ ಮಾಡಿಕೊಂಡಿದ್ದೆ.

ಮಟ್ಟಾಂಚೇರಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಕೆಲವೇ ಕಿಲೋಮೀಟರಿನೊಳಗೆ ಇಷ್ಟು ಭಾಷೆಗಳನ್ನು ತುಂಬಿಕೊಂಡ ಊರನ್ನು ನಾನು ಬೇರೆಲ್ಲೂ ನೋಡಿಲ್ಲ. ಚೆರ್ಲಾಯಿಯಲ್ಲಿ ತಿರುಮಲ ದೇವಸ್ಥಾನದ ಸುತ್ತ ಕೊಂಕಣಿ. ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟು ಬಂದವರ ಮನೆಗಳು ಅವು. ಗುಜರಾತಿ ರೋಡಿನಲ್ಲಿ ಗುಜರಾತಿ. ಕಚ್ಚಿ ಮೇಮನರ ಮನೆಗಳಲ್ಲಿ ಕಚ್ಚಿ. ಬಟ್ಟೆ ಒಗೆಯುವ ಧೋಬಿಖಾನೆಯ ಕಡೆ ತಮಿಳು. ಜ್ಯೂ ಟೌನಿನಲ್ಲಿ 1568ರ ಯಹೂದಿ ಸಿನಗಾಗ್ ಇದೆ, ಅದರೊಳಗೆ ಹೀಬ್ರೂ ಇದೆ. ತುಳುನಾಡಿನಿಂದ ಬಂದು ಕೇರಳದ ದೇವಸ್ಥಾನಗಳಲ್ಲಿ ಪೂಜೆಗೆ ನಿಂತ ಎಂಬ್ರಾಂತಿರಿಗಳ ಮನೆಗಳಲ್ಲಿ ತುಳು. ನಡುವೆ ಹೋಟೆಲು, ಅಂಗಡಿ, ಬ್ಯಾಂಕು ಎಂದು ಬಂದು ಉಳಿದುಕೊಂಡ ಕನ್ನಡದ ಮನೆಗಳು. ಬೀದಿಗೆ ಇಳಿದರೆ ಎಲ್ಲರೂ ಮಲಯಾಳಂ. ಮನೆ ಬಾಗಿಲು ಹಾಕಿದ ಮೇಲೆ ಅವರವರ ಭಾಷೆ.

ಈ ಊರಿನವರೇ ಹೆಚ್ಚಾಗಿ ಹೋಗುವ ಒಂದು ಆಸ್ಪತ್ರೆಯವರು ನಮ್ಮ ಕಂಪನಿಗೆ ಕೆಲಸ ಕೊಟ್ಟರು. ರೋಗಿಗಳು ಮನೆಯಿಂದಲೇ ಹೆಸರು ನೋಂದಾಯಿಸಿ, ಡಾಕ್ಟರನ್ನು ನೋಡುವ ಸಮಯ ಗೊತ್ತುಮಾಡಿಕೊಳ್ಳುವ ವೆಬ್‌ಸೈಟ್. ಪುಟಗಳ ವಿನ್ಯಾಸ ನನ್ನ ಪಾಲಿಗೆ ಬಂತು. ದೊಡ್ಡ ಕೆಲಸವೇನಲ್ಲ. ಆರು ಪುಟ, ಹದಿನೆಂಟು ಗುಂಡಿ, ಏಳು ಡ್ರಾಪ್‌ಡೌನ್.

ಅವುಗಳಲ್ಲಿ ಒಂದು ‘ಭಾಷೆ’. ಹಿಂದಿನ ಯಾವುದೋ ಕೆಲಸದ ಪಟ್ಟಿ ನನ್ನ ಕಂಪ್ಯೂಟರಿನಲ್ಲಿ ಇತ್ತು. ಮಲಯಾಳಂ, ಇಂಗ್ಲಿಷ್, ಹಿಂದಿ, ತಮಿಳು, ಇತರೆ. ಅದನ್ನೇ ನಕಲು ಮಾಡಿ ಅಂಟಿಸಿದೆ. ಎರಡು ನಿಮಿಷ ಎಂದದ್ದು ಇದನ್ನೇ. ಕನ್ನಡಿಗನಾದ ನಾನು, ಕನ್ನಡದ ಮನೆಯ ಮಹಡಿಯ ಮೇಲೆ ಕೂತು, ಕನ್ನಡ ಇಲ್ಲದ ಪಟ್ಟಿಯನ್ನು ಅಂಟಿಸಿದೆ. ನನಗೆ ಏನೂ ಅನ್ನಿಸಲಿಲ್ಲ.

ಪುಟಗಳು ಒಂದು ಹದಕ್ಕೆ ಬಂದ ಮೇಲೆ ಯಾರಾದರೂ ವಯಸ್ಸಾದವರ ಕೈಯಲ್ಲಿ ಮೊಬೈಲ್ ಕೊಟ್ಟು ನೋಡುವುದು ನಮ್ಮ ಪದ್ಧತಿ. ಹೇಳಿಕೊಡಬಾರದು, ಸುಮ್ಮನೆ ನೋಡುತ್ತ ಕೂರಬೇಕು. ಒಂದು ಭಾನುವಾರ ಅಜ್ಜಯ್ಯನ ಕೈಯಲ್ಲಿ ಕೊಟ್ಟೆ. ಅಮ್ಮಮ್ಮನ ಮೊಣಕಾಲು ನೋವಿಗೆ ಡಾಕ್ಟರರ ಸಮಯ ತೆಗೆದುಕೊಳ್ಳಿ ಎಂದೆ.

ಹುಟ್ಟಿದ ತಾರೀಖಿನ ಹತ್ತಿರವೇ ಅವರು ಸಿಕ್ಕಿಬಿದ್ದರು. ವರ್ಷದ ಪಟ್ಟಿ ಈ ವರ್ಷದಿಂದ ಶುರುವಾಗಿ ಕೆಳಗೆ ಇಳಿಯುತ್ತಿತ್ತು. ಅಮ್ಮಮ್ಮ ಹುಟ್ಟಿದ್ದು 1947. ಹೆಬ್ಬೆರಳಿನಿಂದ ಎಳೆದು ಎಳೆದು 1960ರ ತನಕ ಬಂದರು, ಬೆರಳು ಜಾರಿ ಪಟ್ಟಿ ಮುಚ್ಚಿತು, ಮತ್ತೆ ಮೇಲಿನಿಂದ ಶುರು. “ಬಾವಿಯಿಂದ ನೀರ್ ಎಳದಾಂಗ್ ಆತ್ ಮಾಣಿ” ಎಂದು ನಕ್ಕರು. ನಾನು ಬರೆದುಕೊಂಡೆ. ಇಪ್ಪತ್ತರ ಹುಡುಗನಿಗೆ ಇಪ್ಪತ್ತು ಮೆಟ್ಟಿಲು, ಆಸ್ಪತ್ರೆಗೆ ಹೆಚ್ಚು ಬರುವ ಮುದುಕರಿಗೆ ಎಂಬತ್ತು ಮೆಟ್ಟಿಲು. ನಾಲ್ಕು ಅಂಕಿ ಬರೆಯಲು ಒಂದು ಖಾಲಿ ಜಾಗ ಕೊಟ್ಟಿದ್ದರೆ ಸಾಕಿತ್ತು. ಬ್ರಿಟನ್ ಸರ್ಕಾರದ ವೆಬ್‌ಸೈಟುಗಳಿಗೆ ಇರುವ ವಿನ್ಯಾಸದ ನಿಯಮಗಳಲ್ಲಿ ಡ್ರಾಪ್‌ಡೌನನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಳಸಿ ಎಂದಿದೆ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಹಾಕಿದ್ದೆ, ಯಾಕೆಂದರೆ ಪಟ್ಟಿ ಇದ್ದರೆ ಜನ ತಪ್ಪು ಬರೆಯುವ ಭಯ ನಮಗಿಲ್ಲ. ನಮ್ಮ ನೆಮ್ಮದಿಗೆ ಅವರ ಹೆಬ್ಬೆರಳು.

ಆಮೇಲೆ ಗುಂಡಿಗಳು. ತೆಗೆದುಕೊಂಡ ಸಮಯವನ್ನು ರದ್ದು ಮಾಡಿ ನೋಡಿ ಎಂದೆ. ‘ನಿಮ್ಮ ಸಮಯವನ್ನು ರದ್ದು ಮಾಡಬೇಕೇ?’ ಎಂದು ಮಲಯಾಳಂನಲ್ಲಿ ಪ್ರಶ್ನೆ ಬಂತು. ಕೆಳಗೆ ಎರಡು ಗುಂಡಿ. ಒಂದು ‘ಸರಿ’, ಇನ್ನೊಂದು ‘ರದ್ದು’. ಅಜ್ಜಯ್ಯ ಮಲಯಾಳಂ ಚೆನ್ನಾಗಿ ಓದುತ್ತಾರೆ. ರದ್ದು ಮಾಡಬೇಕಿತ್ತಲ್ಲ, ‘ರದ್ದು’ ಒತ್ತಿದರು. ಏನೂ ರದ್ದಾಗಲಿಲ್ಲ. ಆ ‘ರದ್ದು’ ಎಂದರೆ ರದ್ದು ಮಾಡುವುದನ್ನೇ ರದ್ದು ಮಾಡು ಎಂದು ಅರ್ಥ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ನಲವತ್ತು ವರ್ಷ ಗಿರಾಕಿಗಳನ್ನು ನೋಡಿದ ಕಣ್ಣು ಅದು.

ಗುಂಡಿಯ ಮೇಲೆ ಅದು ಮಾಡುವ ಕೆಲಸವನ್ನೇ ಬರೆಯಬೇಕು. ‘ಹೌದು, ರದ್ದು ಮಾಡಿ’, ‘ಬೇಡ, ಇರಲಿ’. ಇದು ಈ ಕಸುಬಿನ ಮೊದಲ ಪಾಠ. ಎರಡನೆಯ ಪಾಠ ಅಳತೆ. ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಕೈ ಅಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕು. ಅದಕ್ಕೇ ಮುಟ್ಟುವ ಜಾಗ 44 ಪಾಯಿಂಟಿಗಿಂತ ಚಿಕ್ಕದಾಗಬಾರದು ಎಂದು ಆಪಲ್, 48 ಎಂದು ಗೂಗಲ್ ತಮ್ಮ ವಿನ್ಯಾಸಕಾರರಿಗೆ ಹೇಳುತ್ತವೆ. ನನ್ನ ಗುಂಡಿಗಳು ಅಳತೆಗೆ ಸರಿಯಾಗಿದ್ದವು, ಆದರೆ ಎರಡರ ನಡುವೆ ಜಾಗ ಸಾಲದು. ಅಜ್ಜಯ್ಯನ ಬೆರಳು ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತಿತು. ಇದನ್ನೂ ಬರೆದುಕೊಂಡೆ.

ಕೊನೆಗೆ ಭಾಷೆಯ ಪಟ್ಟಿ. ಅವರು ಅದನ್ನು ತೆರೆದರು. ಮೇಲಿನಿಂದ ಕೆಳಗೆ ಓದಿದರು. ಮತ್ತೊಮ್ಮೆ ಓದಿದರು.

“ಹ್ವಾಯ್ ಮಾಣಿ, ಇದ್ರಲ್ಲಿ ಕನ್ನಡ ಇಲ್ಲೆ ಅಲ್ದಾ?”

“ಹೌದಜ್ಜಯ್ಯ. ‘ಇತರೆ’ ಒತ್ತಿ, ಸಾಕು.”

“ಅಡ್ಡಿಲ್ಲೆ” ಎಂದು ಒತ್ತಿದರು.

ಉಳಿದ ಎಲ್ಲವನ್ನೂ ಬರೆದುಕೊಂಡಿದ್ದ ನಾನು ಇದನ್ನು ಮಾತ್ರ ಬರೆದುಕೊಳ್ಳಲಿಲ್ಲ. ವರ್ಷದ ಪಟ್ಟಿ ತೆಗೆದೆ, ರದ್ದಿನ ಗುಂಡಿ ಬದಲಿಸಿದೆ, ಗುಂಡಿಗಳ ನಡುವೆ ಜಾಗ ಬಿಟ್ಟೆ. ವೆಬ್‌ಸೈಟ್ ಶುರುವಾಯಿತು. ಅಮ್ಮಮ್ಮನ ಹೆಸರು ಅದರಲ್ಲಿ ನಿಜವಾಗಿಯೇ ನೋಂದಣಿಯಾಯಿತು. ಭಾಷೆ: ಇತರೆ.

ಏಳು ತಿಂಗಳ ನಂತರ ಮಳೆಗಾಲದ ಒಂದು ಸಂಜೆ ಅಮ್ಮಮ್ಮ ಹಿತ್ತಲಿನ ಕಲ್ಲಿನ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಆಟೋ ಆಗದು ಎಂದು ಆಂಬ್ಯುಲೆನ್ಸ್ ಕರೆಸಿ ಅದೇ ಆಸ್ಪತ್ರೆಗೆ ಸೇರಿಸಿದೆವು. ಮಗ ಮುಂಬೈಯಿಂದ ಹೊರಟ. ಅಜ್ಜಯ್ಯನ ಬಿಪಿ ಏರಿ ಅವರನ್ನೂ ಮಲಗಿಸುವ ಹಾಗಾಯಿತು. ಆಪರೇಷನ್ ಗೊತ್ತಾದ ದಿನ ಏಕಾದಶಿ. ಹಿಂದಿನ ರಾತ್ರಿಯಿಂದ ಬಾಯಿಗೆ ಏನೂ ಹಾಕುವ ಹಾಗಿಲ್ಲ ಎಂದು ನರ್ಸ್ ಹೇಳಿದಾಗ ಅಮ್ಮಮ್ಮ ಅಷ್ಟು ನೋವಿನಲ್ಲೂ ಸಮಾಧಾನ ಮಾಡಿಕೊಂಡರು. ಹೇಗೂ ಉಪವಾಸದ ದಿನ, ವ್ರತ ತಪ್ಪಲಿಲ್ಲವಲ್ಲ.

ಆಪರೇಷನ್ ಸರಿಯಾಗಿ ಆಯಿತು. ಆ ರಾತ್ರಿ ಅವರನ್ನು ಇಟ್ಟ ವಾರ್ಡಿನಲ್ಲಿ ಮನೆಯವರಿಗೆ ಪ್ರವೇಶ ಇರಲಿಲ್ಲ. ಬೆಳಿಗ್ಗೆ ನಾನು ಆಫೀಸಿಗೆ ಹೋದೆ. ಮಧ್ಯಾಹ್ನ ಫೋನ್ ಬಂತು. ಪೇಷಂಟಿಗೆ ಗೊಂದಲ ಇದೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಮಾತು ಬರುತ್ತಿದೆ, ಏಳಲು ಹೋಗುತ್ತಿದ್ದಾರೆ, ಅದಕ್ಕೆ ನಿದ್ದೆ ಬರುವ ಔಷಧ ಕೊಟ್ಟಿದ್ದೇವೆ, ಇವತ್ತು ನಿಲ್ಲಿಸಿ ನಡೆಸುವ ವ್ಯಾಯಾಮ ಆಗುವುದಿಲ್ಲ ಎಂದರು.

ವಯಸ್ಸಾದವರಿಗೆ ದೊಡ್ಡ ಆಪರೇಷನ್ ಆದ ಮೇಲೆ ಒಂದೆರಡು ದಿನ ಹಾಗೆ ಗಲಿಬಿಲಿ ಆಗುವುದು ಉಂಟು. ಅದನ್ನು ಗುರುತಿಸಲು ಸುಲಭದ ಪ್ರಶ್ನೆ ಕೇಳುತ್ತಾರೆ. ಇವತ್ತು ಯಾವ ದಿನ, ನೀವು ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ. ಆಸ್ಪತ್ರೆಯವರು ಮಾಡಿದ್ದು ಸರಿಯಾದ ಕ್ರಮವನ್ನೇ. ಸೊಂಟದ ಆಪರೇಷನ್ ಆದವರನ್ನು ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಎಷ್ಟು ಮುಖ್ಯ ಎಂಬುದೂ ಅವರಿಗೆ ಗೊತ್ತಿತ್ತು. ಮಲಗಿದಷ್ಟೂ ಎದೆಯಲ್ಲಿ ಕಫ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ.

ಸಂಜೆ ಭೇಟಿಯ ಹೊತ್ತಿಗೆ ನಾನು ಓಡಿಹೋದೆ. ಅಮ್ಮಮ್ಮ ಅರೆನಿದ್ದೆಯಲ್ಲಿದ್ದರು. ಬೆಳಗಿನ ಪಾಳಿಯ ನರ್ಸ್ ಇನ್ನೂ ಹೋಗಿರಲಿಲ್ಲ. ಏನಾಯಿತು ಎಂದು ಕೇಳಿದೆ. ಆಕೆ ಪಾಪ, ಸಹನೆಯಿಂದಲೇ ಹೇಳಿದಳು. “ಅಮ್ಮೇ, ಇನ್ನ್ ಏದು ದಿವಸಮಾಣ್?” ಎಂದು ಕೇಳಿದರೆ ಅಮ್ಮ ಏನೋ ‘ದ್ವಾದಶಿ’, ‘ಪಾರಣೆ’ ಎನ್ನುತ್ತಾರೆ. ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದರೆ ‘ಮಣಿ, ಮಣಿ’ ಎನ್ನುತ್ತಾರೆ. ಮಲಯಾಳಂನಲ್ಲಿ ಮಣಿ ಎಂದರೆ ಗಂಟೆ. ಎಷ್ಟು ಗಂಟೆಯಾಯಿತು ಎಂದು ಕೇಳುತ್ತಿದ್ದಾರೆ ಎಂದುಕೊಂಡು ಆಕೆ ಗೋಡೆಯ ಗಡಿಯಾರ ತೋರಿಸಿದ್ದಾಳೆ. ಅಮ್ಮ ಸಿಟ್ಟಾಗಿ ಏಳಲು ಹೋಗಿದ್ದಾರೆ.

ಅಂದು ದ್ವಾದಶಿಯೇ. ಏಕಾದಶಿಯ ಮರುದಿನ ದ್ವಾದಶಿ, ಬೆಳಿಗ್ಗೆ ಬೇಗ ಪಾರಣೆ ಮಾಡಬೇಕು. ಐವತ್ತು ವರ್ಷದಿಂದ ತಪ್ಪಿಸದೆ ಮಾಡಿದ ಕೆಲಸ. ಸೋಮವಾರ, ಮಂಗಳವಾರ ಮರೆತಿರಬಹುದು, ತಿಥಿ ಮರೆತಿರಲಿಲ್ಲ. ಜೊತೆಗೆ ಬಂದವನು ಮಾಣಿ, ಅಂದರೆ ನಾನು. ಅವರು ಎರಡು ಪ್ರಶ್ನೆಗೂ ಸರಿ ಉತ್ತರ ಕೊಟ್ಟಿದ್ದರು. ಐವತ್ತು ವರ್ಷ ಬೀದಿಯಲ್ಲಿ ಮಲಯಾಳಂ ಮಾತನಾಡಿದವರಿಗೆ ಅರಿವಳಿಕೆಯ ಮಂಪರಿನಲ್ಲಿ ಬಾಯಿಗೆ ಬಂದದ್ದು ಕುಂದಾಪುರದ ಕನ್ನಡ.

ಮಂಚದ ಕಾಲಿನ ಕಡೆ ನೇತುಹಾಕಿದ್ದ ಕಡತದ ಮೊದಲ ಹಾಳೆ ನೋಡಿದೆ. ನಮ್ಮ ವೆಬ್‌ಸೈಟಿನಿಂದಲೇ ಅಚ್ಚಾಗಿ ಬಂದ ಹಾಳೆ. ಹೆಸರು, ವಯಸ್ಸು, ರಕ್ತದ ಗುಂಪು ಎಲ್ಲ ಸರಿಯಾಗಿತ್ತು. ಭಾಷೆ ಎಂಬಲ್ಲಿ ‘ಇತರೆ’ ಎಂದಿತ್ತು. ಆ ಅಕ್ಷರದ ಗಾತ್ರ ಆರಿಸಿದವನೂ ನಾನೇ. ಆ ಪದ ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ.

“ಸಿಸ್ಟರ್, ಅಮ್ಮನಿಗೆ ಗೊಂದಲ ಇಲ್ಲ. ಅವರು ಕನ್ನಡ ಮಾತನಾಡುತ್ತಿದ್ದಾರೆ” ಎಂದೆ. ಆಕೆ ಕಣ್ಣರಳಿಸಿ, “ಕನ್ನಡವಾ? ನಮ್ಮ ವಾರ್ಡಿನ ಹೆಡ್ ಸಿಸ್ಟರ್ ಮಂಗಳೂರಿನಲ್ಲಿ ನರ್ಸಿಂಗ್ ಓದಿದವರು, ಕನ್ನಡ ಬರುತ್ತದೆ. ಮೊದಲೇ ಗೊತ್ತಾಗಿದ್ದರೆ ಕರೆಯುತ್ತಿದ್ದೆ” ಎಂದಳು.

ಕೇರಳದ ಎಷ್ಟೋ ಹುಡುಗಿಯರು ಮಂಗಳೂರು, ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಾರೆ. ನಮಗೆಲ್ಲ ಗೊತ್ತಿರುವ ಸಂಗತಿ. ಕನ್ನಡ ಬಲ್ಲವರು ಅದೇ ಮಹಡಿಯಲ್ಲಿ, ಇಪ್ಪತ್ತು ಹೆಜ್ಜೆ ದೂರದಲ್ಲಿ ಇಡೀ ದಿನ ಇದ್ದರು. ಅವರನ್ನು ಕರೆಯಬೇಕು ಎಂದು ಹೇಳಬಹುದಾಗಿದ್ದ ಒಂದೇ ಜಾಗದಲ್ಲಿ ನಾನು ‘ಇತರೆ’ ಎಂದು ಬರೆಸಿದ್ದೆ.

ಹೆಡ್ ಸಿಸ್ಟರ್ ಬಂದರು. ಮಂಗಳೂರು ಕನ್ನಡದಲ್ಲಿ, “ಅಮ್ಮಾ, ಹೇಗಿದ್ದೀರಿ? ಎಂತ ಆಗ್ತಾ ಉಂಟು?” ಎಂದು ಕೇಳಿದರು. ಅಮ್ಮಮ್ಮ ಕಣ್ಣು ಬಿಟ್ಟರು. “ಬಾಯಿ ಒಣಗ್ತ್. ಪಾರಣಿ ಮಾಡ್ಕ್” ಎಂದರು. ಸಿಸ್ಟರ್ ಒಂದು ಚಮಚ ನೀರು ಕೊಟ್ಟರು. ಆದರೆ ಔಷಧದ ಅಮಲು ಇಳಿದು ಅವರನ್ನು ನಿಲ್ಲಿಸುವಷ್ಟರಲ್ಲಿ ಮತ್ತೊಂದು ದಿನ ಕಳೆದಿತ್ತು. ಎದೆಯಲ್ಲಿ ಕಫ ಕಟ್ಟಿ ಇನ್ನೂ ನಾಲ್ಕು ದಿನ ಹೆಚ್ಚು ಇರಬೇಕಾಯಿತು. ದೊಡ್ಡ ಅನಾಹುತ ಆಗಲಿಲ್ಲ. ಆಗಬಹುದಿತ್ತು ಎಂಬುದು ನನಗೆ ಗೊತ್ತು. ಅಜ್ಜಯ್ಯನಿಗೆ ಈ ಪಟ್ಟಿಯ ವಿಷಯ ಹೇಳಲು ನನಗೆ ಮೂರು ವಾರ ಬೇಕಾಯಿತು. ಹೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ಆಯ್ತ್, ಈಗ ಸರಿ ಮಾಡ್” ಎಂದರು ಅಷ್ಟೆ.

ಸರಿ ಮಾಡಲು ಹೊರಟಾಗಲೇ ಗೊತ್ತಾದದ್ದು, ಎರಡು ನಿಮಿಷದ ಆ ಪಟ್ಟಿ ಎಷ್ಟು ಕಷ್ಟದ್ದು ಎಂದು.

ಮೊದಲು ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳನ್ನು ಹಾಕಿಬಿಡೋಣ ಎಂದುಕೊಂಡೆ. ಕೊಂಕಣಿ 1992ರಲ್ಲಿ ಅದರೊಳಗೆ ಸೇರಿದೆ, ಅದು ಸಿಕ್ಕಿತು. ಆದರೆ ತುಳು ಇಲ್ಲ, ಕಚ್ಚಿ ಇಲ್ಲ. ಮಟ್ಟಾಂಚೇರಿಗೆ ಬೇಡದ ಎಷ್ಟೋ ಹೆಸರುಗಳ ನಡುವೆ ಮಟ್ಟಾಂಚೇರಿಯ ಎರಡು ಭಾಷೆ ಮತ್ತೆ ‘ಇತರೆ’ಗೆ ಬಿದ್ದವು. ನಮ್ಮ ಆಫೀಸಿನಲ್ಲಿ ಕಾಸರಗೋಡಿನ ಗೆಳೆಯನೊಬ್ಬ ಇದ್ದಾನೆ. ಅವನು ಹೇಳಿದ, “1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರಕ್ಕೆ ತಮ್ಮ ಭಾಷೆಯಲ್ಲೇ ಬರೆಯಬಹುದು ಎಂದಿದೆ. ಕಾನೂನಿನಲ್ಲಿ ಇರುವುದು ಪಟ್ಟಿಯಲ್ಲಿ ಇಲ್ಲದಿದ್ದರೆ ಮಾರಾಯ, ಜನರ ಮಟ್ಟಿಗೆ ಅದು ಇಲ್ಲ ಎಂದೇ ಅರ್ಥ. ನಿನ್ನಂಥವರೇ ಅಲ್ಲವಾ ಪಟ್ಟಿ ಮಾಡುವವರು?”

ಹಾಗಾಗಿ ಪಟ್ಟಿಯನ್ನು ಬೇರೆಲ್ಲಿಂದಲೋ ತರುವುದನ್ನು ಬಿಟ್ಟು, ಮೂರು ಬೆಳಿಗ್ಗೆ ರಜೆ ಹಾಕಿ ಆಸ್ಪತ್ರೆಯ ಚೀಟಿ ಮಾಡಿಸುವ ಸಾಲಿನ ಪಕ್ಕ ಕೂತೆ. ಕಿವಿಗೆ ಬಿದ್ದ ಭಾಷೆಗಳನ್ನು ಬರೆದುಕೊಂಡೆ. ಒಂಬತ್ತಾದವು. ಒಂಬತ್ತಕ್ಕೆ ಡ್ರಾಪ್‌ಡೌನ್ ಬೇಕಿಲ್ಲ. ಮುಚ್ಚಿದ ಪಟ್ಟಿಯೊಳಗೆ ತಾನಿದ್ದೇನೋ ಇಲ್ಲವೋ ಎಂದು ಜನ ಹುಡುಕಬೇಕು. ಅದೇ ಒಂಬತ್ತು ಗುಂಡಿಗಳನ್ನು ಮೂರು ಸಾಲಿನಲ್ಲಿ ಎದುರಿಗೇ ಇಟ್ಟರೆ ತಮ್ಮ ಭಾಷೆ ಕಣ್ಣಿಗೆ ಬೀಳುತ್ತದೆ. ಹತ್ತನೆಯದು ‘ಬೇರೆ ಭಾಷೆ, ಬರೆಯಿರಿ’. ಬರೆದದ್ದು ಹಾಗೆಯೇ ಹಾಳೆಯ ಮೇಲೆ ಅಚ್ಚಾಗಬೇಕು.

ಪ್ರಶ್ನೆಯನ್ನೂ ಬದಲಿಸಿದೆ. ಸುಮ್ಮನೆ ‘ಭಾಷೆ’ ಎಂದರೆ ಏನು? ‘ಮಾತೃಭಾಷೆ’ ಎಂದು ಕೇಳಿದರೆ ಮನೆಯಲ್ಲಿ ತುಳು, ಓದಿದ್ದು ಕನ್ನಡ, ಬದುಕಿದ್ದು ಮಲಯಾಳಂ ಆದವರು ಏನು ಹೇಳಬೇಕು? ಆದ್ದರಿಂದ ‘ಹುಷಾರಿಲ್ಲದಾಗ ಯಾವ ಭಾಷೆಯಲ್ಲಿ ಮಾತನಾಡುವುದು ನಿಮಗೆ ಸುಲಭ?’ ಎಂದು ಕೇಳಿದೆ. ಒಂದಕ್ಕಿಂತ ಹೆಚ್ಚು ಗುಂಡಿ ಒತ್ತಬಹುದು.

ಪ್ರತಿ ಭಾಷೆಯ ಹೆಸರನ್ನು ಅದರದೇ ಲಿಪಿಯಲ್ಲಿ, ಕೆಳಗೆ ಸಣ್ಣದಾಗಿ ಮಲಯಾಳಂನಲ್ಲಿ ಹಾಕಬೇಕು ಎಂದೆ. ಮ್ಯಾನೇಜರ್ ಒಪ್ಪಲಿಲ್ಲ. ಇಷ್ಟು ಲಿಪಿ ಒಂದೇ ಪುಟದಲ್ಲಿ ಗಜಿಬಿಜಿ ಎಂದರು. ಆಗ ತಿರುವನಂತಪುರದ ಲೈಬ್ರರಿಯೊಂದರಲ್ಲಿ ನೋಡಿದ್ದ ‘ಹೋರ್ಟಸ್ ಮಲಬಾರಿಕಸ್’ ನೆನಪಾಯಿತು. ಡಚ್ಚರ ಆಡಳಿತಗಾರ ವಾನ್ ರೀಡ್ ಇದೇ ಕೊಚ್ಚಿಯಲ್ಲಿ ಕೂತು ಮಾಡಿಸಿದ ಸಸ್ಯಗಳ ಪುಸ್ತಕ. 1678ರಿಂದ 1693ರವರೆಗೆ 12 ಸಂಪುಟಗಳಾಗಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದಕ್ಕೆ ವಿವರ ಒದಗಿಸಿದವರು ಇಟ್ಟಿ ಅಚ್ಯುತನ್ ಎಂಬ ವೈದ್ಯ, ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರು. ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಕೆ. ಎಸ್. ಮಣಿಲಾಲ್ ಅವರ ಇಂಗ್ಲಿಷ್ ಅನುವಾದವನ್ನು ತಂದಿದೆ. ಆ ಪುಸ್ತಕದ ಚಿತ್ರಗಳಲ್ಲಿ ಗಿಡದ ಹೆಸರು ರೋಮನ್, ಮಲಯಾಳಂ, ಅರಬಿ ಲಿಪಿಗಳಲ್ಲೂ, ಕೊಂಕಣಿಯ ಹೆಸರು ನಾಗರಿ ಲಿಪಿಯಲ್ಲೂ ಒಂದರ ಪಕ್ಕ ಒಂದು ಇದೆ. ಅಂತರ್ಜಾಲದಲ್ಲಿ ಹುಡುಕಿ ಒಂದು ತೆಂಗಿನ ಮರದ ಚಿತ್ರ ತೋರಿಸಿದೆ. “ಮುನ್ನೂರು ವರ್ಷದ ಹಿಂದೆ ಒಂದು ಗಿಡಕ್ಕೆ ಕೊಟ್ಟ ಮರ್ಯಾದೆಯನ್ನು ನಾವು ರೋಗಿಗೆ ಕೊಡಬಹುದಲ್ಲ ಸಾರ್” ಎಂದೆ. ಮ್ಯಾನೇಜರ್ ಮಲಯಾಳಿ, ಅವರಿಗೆ ಆ ಪುಸ್ತಕದ ಮೇಲೆ ಅಭಿಮಾನ. ಒಪ್ಪಿಗೆ ಸಿಕ್ಕಿತು.

ಲಿಪಿ ಬಂದ ಕೂಡಲೇ ಇನ್ನೊಂದು ತಾಪತ್ರಯ. ನಮ್ಮ ಗುಂಡಿಗಳ ಎತ್ತರವನ್ನು ಇಂಗ್ಲಿಷಿಗೆ ನೋಡಿ ಇಟ್ಟದ್ದು. ಇಂಗ್ಲಿಷಿನಲ್ಲಿ ಅಕ್ಷರದ ಕೆಳಗೆ ಹೆಚ್ಚೇನೂ ಇಲ್ಲ. ಕನ್ನಡದಲ್ಲಿ ಒತ್ತಕ್ಷರ ಇದೆ, ಅದಕ್ಕೆ ಕೆಳಗೆ ಜಾಗ ಬೇಕು. ಜಾಗ ಇಲ್ಲದೆ ‘ಕನ್ನಡ’ದ ಒತ್ತು ಕತ್ತರಿಸಿ ‘ಕನಡ’ ಆಯಿತು. ‘ರದ್ದು ಮಾಡಿ’ ಎಂಬುದು ‘ರದು ಮಾಡಿ’ ಆಯಿತು. ಹೀಗೇ ಆದರೆ ಕತ್ತೆಯೂ ಕತೆಯಾದೀತು. ಅಜ್ಜಯ್ಯನ ಕೈಗೆ ಮತ್ತೆ ಮೊಬೈಲ್ ಕೊಟ್ಟಾಗ ಮೊದಲು ಕಂಡದ್ದೂ ಅವರಿಗೇ. “ಒತ್ತೇ ಇಲ್ಲದ್ದನ್ನ ಒತ್ತುದ್ ಹ್ಯಾಂಗೆ ಮಾಣಿ?” ಎಂದರು. ಸಾಲಿನ ಎತ್ತರ ಹೆಚ್ಚಿಸಿ, ಗುಂಡಿಯ ಎತ್ತರವನ್ನು ಕಟ್ಟಿಹಾಕುವುದನ್ನು ಬಿಟ್ಟು, ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಟ್ಟೆ. ಮಲಯಾಳಂನ ಕೂಡಕ್ಷರಗಳಿಗೂ ಅದರಿಂದ ಉಸಿರಾಡಲು ಜಾಗವಾಯಿತು.

ಇನ್ನು ಯಾವುದು ಮೊದಲು, ಯಾವುದು ಆಮೇಲೆ? ಬೇರೆ ಬೇರೆ ಲಿಪಿಗಳಿಗೆ ಒಂದೇ ಅಕಾರಾದಿ ಇಲ್ಲ. ಮಲಯಾಳಂ ಮೊದಲಿಟ್ಟು, ಉಳಿದವನ್ನು ಯೂನಿಕೋಡ್ ಲಿಪಿಗಳನ್ನು ಜೋಡಿಸಿರುವ ಕ್ರಮದಲ್ಲೇ ಇಟ್ಟೆ. ಅಲ್ಲಿ ಪ್ರತಿ ಲಿಪಿಗೂ 128 ಮನೆಗಳ ಒಂದೊಂದು ಕೇರಿ. ತಮಿಳು, ತೆಲುಗು, ಕನ್ನಡ, ಮಲಯಾಳಂ ಎಂದು ಸಾಲಾಗಿ. ಕನ್ನಡದ ಕೇರಿ ಮುಗಿದಲ್ಲಿಗೆ ಮಲಯಾಳಂ ಕೇರಿ ಶುರು. ಕಾಸರಗೋಡಿನ ಗೆಳೆಯನಿಗೆ ಇದನ್ನು ತೋರಿಸಿದಾಗ, “ಇಲ್ಲಿ ಗಡಿ ತಕರಾರು ಇಲ್ಲವಲ್ಲ, ಪುಣ್ಯ” ಎಂದ.

ಇಷ್ಟೆಲ್ಲ ಮಾಡಿದರೂ ಗುಂಡಿ ಗುಂಡಿಯೇ. ಒತ್ತಿದ ಮೇಲೆ ಆ ಕಡೆ ಯಾರಾದರೂ ಏಳಬೇಕು. ಹೆಡ್ ಸಿಸ್ಟರ್ ಅದನ್ನು ಮಾಡಿದರು. ಆಸ್ಪತ್ರೆಯಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆ ಎಂದು ಎಲ್ಲರನ್ನೂ ಕೇಳಿ, ಒಂದು ಕಾಗದದಲ್ಲಿ ಬರೆದು, ಪ್ರತಿ ಮಹಡಿಯ ಫೋನಿನ ಪಕ್ಕ ಅಂಟಿಸಿದರು. ಲ್ಯಾಬಿನ ಹುಡುಗನಿಗೆ ಕೊಂಕಣಿ, ಔಷಧದ ಕೌಂಟರಿನಲ್ಲಿ ಒಬ್ಬರಿಗೆ ಕಚ್ಚಿ, ಲಿಫ್ಟಿನವರಿಗೆ ತಮಿಳು. ಕನ್ನಡಕ್ಕೆ ನಾಲ್ಕು ಹೆಸರು ಸಿಕ್ಕವು. ಆ ಕಾಗದಕ್ಕೆ ವಿನ್ಯಾಸವಿಲ್ಲ, ಬಾಲ್ ಪೆನ್ನಿನ ಗೆರೆಗಳು ಸೊಟ್ಟ. ನಾನು ಮಾಡಿದ ಹತ್ತು ಗುಂಡಿಗಳೂ ಆ ಕಾಗದದ ಬಲದ ಮೇಲೇ ನಿಂತಿವೆ.

ಊರು ಬಿಟ್ಟು ಬಂದ ನಮಗೆಲ್ಲ ‘ಇತರೆ’ ಒತ್ತಿ ಅಭ್ಯಾಸವಾಗಿದೆ. ಪಟ್ಟಿಯಲ್ಲಿ ಕನ್ನಡ ಇಲ್ಲವಾ, ಅಡ್ಡಿಯಿಲ್ಲ, ಇಂಗ್ಲಿಷೋ ಹಿಂದಿಯೋ ಒತ್ತಿ ಮುಂದೆ ಹೋಗುತ್ತೇವೆ. ನಮಗೆ ನಾಲ್ಕು ಭಾಷೆ ಬರುತ್ತದೆ, ಗಟ್ಟಿಯಾಗಿದ್ದೇವೆ, ನಡೆಯುತ್ತದೆ. ಆದರೆ ಎಪ್ಪತ್ತೈದು ದಾಟಿದ ಅಪ್ಪನನ್ನೋ ಅಮ್ಮನನ್ನೋ ನೀವು ನಿಮ್ಮ ಊರಿಗೆ ಕರೆಸಿಕೊಂಡಿದ್ದರೆ, ಅವರ ಹೆಸರಿನ ಅರ್ಜಿ ತುಂಬುವಾಗ ಒಂದು ನಿಮಿಷ ನಿಲ್ಲಿ. ಕನ್ನಡ ಇಲ್ಲದಿದ್ದರೆ ಕೌಂಟರಿಗೆ ಹೋಗಿ ಹೇಳಿ. ಹಾಳೆಯ ಮೇಲೆ ಕೈಯಲ್ಲೇ ಬರೆಸಿ. ನನ್ನಂತೆ ಪಟ್ಟಿ ಮಾಡುವ ಕೆಲಸದಲ್ಲಿರುವವರು ನಿಮ್ಮಲ್ಲೂ ಎಷ್ಟೋ ಜನ ಇದ್ದೀರಿ, ಅವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಅಮ್ಮಮ್ಮ ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾರೆ. ಹಿತ್ತಲಿಗೆ ಹೋಗಲು ಅಜ್ಜಯ್ಯ ಬಿಡುವುದಿಲ್ಲ. ಕಳೆದ ತಿಂಗಳು ತಪಾಸಣೆಗೆ ಸಮಯ ಗೊತ್ತುಮಾಡಬೇಕಿತ್ತು. ಮೊಬೈಲನ್ನು ಅವರ ಕೈಗೇ ಕೊಟ್ಟೆ. ಹುಟ್ಟಿದ ವರ್ಷ ತಾವೇ ಬರೆದರು. ಭಾಷೆಯ ಪುಟ ಬಂದಾಗ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ನೋಡಿದರು. ಕನ್ನಡ ಒತ್ತಿದರು. ಸ್ವಲ್ಪ ಯೋಚಿಸಿ ಮಲಯಾಳಂ ಅನ್ನೂ ಒತ್ತಿದರು.

“ಅದೂ ಇರ್ಲಿ. ಪಾಪ, ಆ ಹೆಣ್ಣಿಗೆ ಮಾತಾಡುಕ್ ಸುಲಭ ಆತ್ತ್” ಎಂದರು.